ನೀಲಿಗೆ ತಿರುಗುವ ಕಲೆ

ಫಹಾಹೀಲ್. ಮೀನುಪೇಟೆಯ ಹಿಂದಿನ ಗಲ್ಲಿಯ ಲಾಂಡ್ರಿ.
ಒಳಗೆ ನಾನು, ಉಗಿ,
ಮತ್ತು ಮದಾಮ್ ಓದಿಲ್ ಬಿಟ್ಟುಹೋದ ಹದಿನೇಳು ಪುಸ್ತಕ.

ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದಾಕೆ.
ಓಬಳೇಶ ಎಂಬ ನನ್ನ ಹೆಸರಿನ ಬಾಲ ನುಂಗಿ
'ಓಬಲೇ' ಅಂತ ಕರೆದು ನನ್ನನ್ನೂ ಅವರೂರಿನವನನ್ನಾಗಿ ಮಾಡಿದ್ದಳು.
ಹೊರಟ ದಿನ ಪರದೆಗಳ ಗಂಟಿನ ಪಕ್ಕ ಇವನ್ನಿಟ್ಟು
"ಇಂಗ್ಲಿಷಿನಲ್ಲೇ ಇವೆ, ಓದು. ಕೊಲೆ ಇದೆ, ಭಯ ಇಲ್ಲ" ಅಂದಳು.
ನನ್ನದು ಹಿರಿಯೂರಿನ ಇಂಗ್ಲಿಷು, ಎರಡನೇ ಸಲಕ್ಕೆ ಪಾಸಾದದ್ದು.
ಪುಟಕ್ಕೆ ಆರು ಪದ ತಿಳಿಯುವುದಿಲ್ಲ,
ಕೊಲೆ ಮಾತ್ರ ತಿಳಿಯುತ್ತದೆ.

ಎಲ್ಲದರಲ್ಲೂ ಅದೇ ಊರು.
ಗುಡ್ಡದ ತಲೆ ಬಾಚಿ ಬೈತಲೆ ತೆಗೆದ ಹಾಗೆ ದ್ರಾಕ್ಷಿಯ ಸಾಲು,
ನೆಲಮಾಳಿಗೆಯಲ್ಲಿ ಬಸುರಿಯರಂತೆ ಮಲಗಿದ ಪೀಪಾಯಿಗಳು,
ಎಲ್ಲರ ಗುಟ್ಟು ಬಲ್ಲ ಬ್ರೆಡ್ಡಿನಂಗಡಿಯವನು,
ಮೂರನೇ ಅಧ್ಯಾಯದೊಳಗೆ ಒಂದು ಹೆಣ.
ಹೆಣ ಬಿದ್ದರೂ ಯಾರೂ ಊಟ ಬಿಡುವುದಿಲ್ಲ.
ಪತ್ತೆ ಹಚ್ಚುವವಳು ಕುಂಟು ಬೆಕ್ಕು ಸಾಕಿದ ವಿಧವೆ;
ಲೋಟವನ್ನು ಮೂಗಿಗೆ ಹಿಡಿದು
'ಒದ್ದೆ ಕಲ್ಲು, ಹಳೇ ಜೀನು, ಮಳೆ ಬಿದ್ದ ಹೊಗೆಸೊಪ್ಪು' ಅನ್ನುತ್ತಾಳೆ.
ಅದರ ಒಂದು ಹನಿಗೂ ಅಪ್ಪಣೆಯಿಲ್ಲದ ದೇಶದಲ್ಲಿ
ಹನ್ನೆರಡು ವರ್ಷದಿಂದ ಇಸ್ತ್ರಿ ಉಜ್ಜುವ ನಾನು
ಉಗಿಯನ್ನೇ ಮೂಸುತ್ತೇನೆ:
ಗಂಜಿ, ಊದು, ಯಾರದೋ ಬೆವರಿನ ಭಾನುವಾರ.

ಆರನೆಯ ಪುಸ್ತಕ. ಪೀಪಾಯಿಯ ಅಡಿ ಧಣಿ ಸತ್ತಿದ್ದಾನೆ.
ಸೋದರಳಿಯನ ತೋಳಿನ ಮೇಲೆ ಕೆಂಪು.
ವೈನು ಅನ್ನುತ್ತಾನೆ, ಪೊಲೀಸರು ತಲೆಯಾಡಿಸುತ್ತಾರೆ.
ಅರವತ್ತೊಂದನೇ ಪುಟದಲ್ಲಿ ಕೆಲಸದಾಕೆ
ಕುದಿನೀರು ಹೊಯ್ದು, ಸಬೂನು ತಿಕ್ಕಿ,
'ಕಂದಾಗಿ ಕೂತಿತು, ಹಾಳಾದ್ದು' ಎಂದು ಗೊಣಗುತ್ತಾಳೆ.

ಇಸ್ತ್ರಿಪೆಟ್ಟಿಗೆ ಎತ್ತಿಟ್ಟೆ.
ಸಿಕ್ಕಿಬಿದ್ದನಲ್ಲಪ್ಪಾ!
ವೇದಾವತಿ ದಂಡೆಯಲ್ಲಿ ತಿಪ್ಪಜ್ಜಿ
ದಾಳಿಂಬೆ ತೋಟದವರ ಅಂಗಿಗೆ ಚೌಳುಮಣ್ಣು ಹಚ್ಚಿ ಹೇಳಿದ್ದಳು:
ಹಣ್ಣಿನ ಕೆಂಪು ಚೌಳು ಕಂಡ್ರೆ ನೀಲಿ ಆಗ್ತತಿ ಮಗಾ,
ನೆತ್ತರು ಬಿಸಿನೀರು ಕಂಡ್ರೆ ಕಂದಾಗಿ ಕುಂತ್ಕಂತತಿ.
ವಿಧವೆಗೆ ಇದು ಹೊಳೆಯಲು ಇನ್ನೂ ನೂರೆಪ್ಪತ್ತು ಪುಟ ಬೇಕಾಯಿತು.
ಆ ರಾತ್ರಿ ಬೆಕ್ಕಿಲ್ಲದ ನಾನು
ಒಂದು ಲೋಟ ವಿಮ್ಟೋ ಬೆಳಕಿಗೆ ಹಿಡಿದು, ಮೂಸಿ, ಕುಡಿದೆ.

ಹೋದ ಗುರುವಾರ ಆಡಿಟರ್ ಸಲ್ಡಾನರ ಬಿಳಿ ಅಂಗಿ.
ಕಾಲುಚೀಲವನ್ನೂ ಎಣಿಸಿ ಕೊಡುವವರು, ಎಣಿಸಿ ಒಯ್ಯುವವರು.
ಎಡತೋಳಿನ ಪಟ್ಟಿಯ ಮೇಲೆ ಹುಣಸೆಬೀಜದಷ್ಟು ಕಲೆ.
ಸಬೂನು ಮುಟ್ಟಿಸಿದೆ. ನೀಲಿ.
ನಿಂಬೆ ಹಿಂಡಿದೆ. ನಾಚಿಕೊಂಡು ಮತ್ತೆ ಕೆಂಪು.
ಮೂಸಿದೆ.
ಕಲ್ಲಿಲ್ಲ, ಜೀನಿಲ್ಲ, ಎಲ್ಲೋ ಒಳಗೆ
ಉಕ್ಕಿದ ದೋಸೆಹಿಟ್ಟಿನ ಹಾಗೊಂದು ಮುಗುಳ್ನಗೆ.

ಶನಿವಾರ ಬಂದರು, ಚೀಟಿ ಚಾಚಿದರು.
ನಾನಿನ್ನೂ ಬಾಯಿ ತೆರೆದಿರಲಿಲ್ಲ.
"ದಾಳಿಂಬೆ" ಅಂದರು.

ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗಿರಲಿಲ್ಲ,
ಹೆಗಲು ತಾನಾಗಿ ತಡವಿಕೊಂಡಿತ್ತು.

ಪುಸ್ತಕದಲ್ಲಾದರೆ ಈಗ ಎಲ್ಲರನ್ನೂ ಒಂದೇ ಕೋಣೆಗೆ ಕರೆಸಿ
ಬಾಗಿಲು ಹಾಕುತ್ತಾರೆ.
ನನ್ನಂಗಡಿಯಲ್ಲಿ ಇಬ್ಬರು ನಿಂತರೆ ಬಾಗಿಲೇ ಹಾಕಲಾಗದು.
"ದಾಳಿಂಬೆ ಹಟಮಾರಿ ಸಾರ್, ನಮ್ಮ ಕಡೆ ಬೆಳೀತಾರೆ.
ಮುಂದಿನ ಸಲ ಒಣಗೋ ಮುಂಚೆ ತನ್ನಿ."

ಚಿಲ್ಲರೆ ಎಣಿಸದೆ ಜೇಬಿಗೆ ಸುರಿದುಕೊಂಡರು.
ಹೊಸ್ತಿಲಲ್ಲಿ ನಿಂತು, ಕಪಾಟು ನೋಡಿ,
"ಇವೆಲ್ಲ ಏನು?" ಅಂದರು.
ಏಳನೆಯದನ್ನು ಅಂಗಿಯ ಮಡಿಕೆಯೊಳಗಿಟ್ಟು
ಪ್ಲಾಸ್ಟಿಕ್ ಹೊದಿಸಿ ಕೊಟ್ಟೆ.

ಪುಸ್ತಕದ ಲೆಕ್ಕ ನನ್ನ ತಲೆಯಲ್ಲಿದೆ. ರಸೀದಿಯಲ್ಲಿ ಬರೆದದ್ದು ಇಷ್ಟು:
ಅಂಗಿ, ಒಂದು. ನಾನೂರು ಫಿಲ್ಸ್.
ಕಲೆ, ಇಲ್ಲ.