ಒಂದು ದಿನದ ಗೋಡೆ

ಪ್ರೊಫೆಸರ್ ಸೌಸನ್ ಪರದೆಯ ಮೇಲೆ ಗೋಡೆಯೊಂದನ್ನು ತೋರಿಸಿ ಕೇಳಿದರು:
ಇದರಲ್ಲಿ ಎಷ್ಟು ದಿನಗಳಿವೆ?
ಶಾರ್ಜಾದ ಆ ತರಗತಿಯಲ್ಲಿ ನಾವು ಹದಿನಾಲ್ಕು ಮಂದಿ,
ಎಸಿ ಮೊಣಕೈ ಕೊರೆಯುತ್ತಿತ್ತು.
ಯಾರಿಗೂ ದಿನ ಕಾಣಲಿಲ್ಲ.
ಕಂಡದ್ದು ದೇವದೂತ, ಬಿಳಿ ಹೂವಿನ ದಂಟು,
ಓದುತ್ತಿದ್ದ ಪುಸ್ತಕದ ನಡುವೆ ಬೆರಳಿಟ್ಟುಕೊಂಡೇ
ತಲೆಯೆತ್ತಿದ ಹುಡುಗಿ.

ಹಸಿ ಸುಣ್ಣದ ಮೇಲೆ ಬರೆದ ಚಿತ್ರವಂತೆ.
ಬೆಳಗ್ಗೆ ಮೆತ್ತಿದ್ದನ್ನು ಸಂಜೆಯೊಳಗೆ ಬರೆದು ಮುಗಿಸಬೇಕು,
ಒಣಗಿದರೆ ಬಣ್ಣ ಹಿಡಿಯದು.
ಅಷ್ಟಗಲದ ತುಂಡಿಗೆ ಅವರ ಮಾತಿನಲ್ಲಿ ಜೊರ್ನಾತ.
ಒಂದು ದಿನದ ಕೆಲಸ, ಎಂದು ಬರೆದುಕೊಂಡೆ.
ಇನ್ನೊಂದು ಪದ ತಡವಾಗಿ ಹೊಳೆಯಿತು,
ಮಗ್ಗುಲಲ್ಲಿ ಸಣ್ಣಗೆ ಸೇರಿಸಿದೆ:
ದಿನಗೂಲಿ.

ಮೈಸಲೂನಿನ ನಮ್ಮ ಕೋಣೆಗೆ ಅಪ್ಪ ಸಂಜೆ ಏಳಕ್ಕೆ ಬಂದ.
ಸೆಪ್ಟೆಂಬರಿನ ಮೊದಲ ವಾರ; ಹನ್ನೆರಡೂವರೆಯಿಂದ ಮೂರರವರೆಗೆ
ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ,
ಅದಕ್ಕೇ ನಾಲ್ಕಕ್ಕೆ ಎದ್ದು ಹೋಗಿದ್ದ.
ಇಳಕಲ್ಲಿನ ಗೌಂಡಿ ಶಂಕ್ರೆಪ್ಪ,
ಇಪ್ಪತ್ತೆರಡು ವರ್ಷ ಈ ಕೊಲ್ಲಿಯ ಗೋಡೆಗಳಿಗೆ ಗಿಲಾವ ಮಾಡಿದವ,
ಉಗುರ ಸಂದಿಯ ಸಿಮೆಂಟನ್ನು ಬೆಂಕಿಕಡ್ಡಿಯಿಂದ ಕೆರೆಯುತ್ತ
"ಇವತ್ತೇನ ಕಲಿಸ್ಯಾರ?" ಎಂದ.

ಚಿತ್ರ ಕೊಟ್ಟೆ.
ಹಾಳೆ ಎನ್ನುವುದು ಮರೆತು ಅದನ್ನು ಓರೆ ಹಿಡಿದು
ಟ್ಯೂಬ್‌ಲೈಟಿನ ಬೆಳಕನ್ನು ಅದರ ಮೇಲೆ ಜಾರಿಸಿದ.
ದೇವದೂತನನ್ನು ಮಾತಾಡಿಸಲೂ ಇಲ್ಲ.
"ಇಲ್ಲೆ ನೋಡವ್ವಾ, ರೆಕ್ಕಿ ಬುಡದಾಗ ಜೋಡ.
ಇಲ್ಲಿಗೆ ಅವನ ಒಂದಿನ ಮುಗದದ.
ಈ ಕಾವಿ ಬ್ಯಾರೆ, ಆ ಕಾವಿ ಬ್ಯಾರೆ, ಮರದಿನ ಕಲಸಿದ್ದು.
ಮುಗಿಲಿಗೆ ಅರ್ಧ ದಿನಾನೂ ಹತ್ತಿಲ್ಲ.
ಮಾರಿಗೆ? ಬರೇ ಆ ಹುಡುಗಿ ಮಾರಿಗೆ ಒಂದ ಪೂರಾ ದಿನ.
ಇಲ್ಯಾಕೋ ಗಡಿಬಿಡಿ ಮಾಡ್ಯಾನ,
ಸುಣ್ಣ ಎಳೀಲಿಕ್ಕೆ ಹತ್ತಿರಬೇಕು."
ಎಣಿಸಿದ. ಹನ್ನೊಂದು.
ಮತ್ತೆ ಎಣಿಸಿ, ಹನ್ನೆರಡು.
"ಈ ಮೂಲ್ಯಾಗಿಂದು ಅವಂದಲ್ಲ. ಯಾವನೋ ಕಲಿಯೋ ಹುಡುಗಂದು."

ಹೋದ ಸೆಮಿಸ್ಟರಿನಲ್ಲಿ ಹಸ್ತಪ್ರತಿಗಳ ಅಂಚು ಓದಿದ್ದೆವು,
ಚರ್ಮದ ಹಾಳೆಯ ಮೂಲೆಯಲ್ಲಿ ನಕಲುಗಾರರ ಗೊಣಗು:
ಚಳಿ, ಶಾಯಿ ಗಟ್ಟಿ, ದೀಪಕ್ಕೆ ಎಣ್ಣೆಯಿಲ್ಲ.
ಹೇಳಿದೆ. ಅಪ್ಪ ನಕ್ಕ.
ತಾನೂ ಬರೆದದ್ದಿದೆಯಂತೆ, ಅಲ್ ಖಾನ್ ಬದಿಯ ಕಟ್ಟಡದಲ್ಲಿ,
ಹತ್ತೊಂಬತ್ತನೇ ಅಂತಸ್ತು, ಬರಿ ಇಟ್ಟಿಗೆಯ ಮೇಲೆ, ಪೆನ್ಸಿಲ್ಲಿನಲ್ಲಿ.
ನನ್ನ ಹೆಸರಿರಬೇಕು ಎಂದುಕೊಂಡೆ.
ಅಲ್ಲ. ಸಿಮೆಂಟು ಹನ್ನೊಂದು ಚೀಲ,
ಮತ್ತೆ, ನಲವತ್ತು ದಿರ್ಹಮ್ ಕೊಡಬೇಕಾದ
ಪೇಶಾವರದವನೊಬ್ಬನ ಫೋನ್ ನಂಬರು.
ಅದರ ಮೇಲೆ ಗಿಲಾವ,
ಗಿಲಾವದ ಮೇಲೆ ಈಗ ಯಾರದೋ ಟೀವಿ.

ಹಾಳೆ ಮಡಚಿ ಕೊಡುವಾಗ ಕೇಳಿದ:
"ಅವಗ ಪಗಾರ ಸರಿಯಾಗಿ ಕೊಟ್ಟಿದ್ರಂತೇನು?"

ಮರುದಿನ ಗ್ರಂಥಾಲಯದಲ್ಲಿ ಹುಡುಕಿದೆ.
ಆ ಮಠದ ಲೆಕ್ಕದ ಪುಸ್ತಕ ಅಚ್ಚಾಗಿದೆ, ಯಾರೂ ತೆರೆದಿರಲಿಲ್ಲ,
ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು.
ಸುಣ್ಣ ಇಷ್ಟು. ನದಿಯ ಮರಳು. ಮೊಟ್ಟೆ.
ದ್ರಾಕ್ಷಾರಸ, ಎರಡು ಕೊಡ.
ಕತ್ತೆಯ ಬಾಡಿಗೆ, ಒಂಬತ್ತು ದಿನ.
ಚಿತ್ರಗಾರನ ಸಾಲಿಗೆ ಬಂದರೆ ಮೂರು ಚುಕ್ಕಿ,
ಅಡಿಯಲ್ಲಿ ಸಂಪಾದಕರ ಟಿಪ್ಪಣಿ:
ಇಲ್ಲಿ ನೀರು ಬಿದ್ದಿದೆ.

ಹನ್ನೆರಡೂವರೆ ಆಗುವುದನ್ನೇ ಕಾದು ಫೋನ್ ಮಾಡಿದೆ.
ಕಟ್ಟಡದ ನೆಲಮಾಳಿಗೆಯಲ್ಲಿ, ರಟ್ಟಿನ ಮೇಲೆ ಮಲಗಿದ್ದ.
ಓದಿ ಹೇಳಿದೆ.
ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ, ಪಕ್ಕದಲ್ಲಿ ಯಾರದೋ ಗೊರಕೆ.
"ಹೋಗಲಿ ಬಿಡವ್ವಾ," ಅಂದ,
"ಕತ್ತೀ ಬಾಡಿಗಿ ಬರದಾರಲ್ಲ."