ಕವೆ, ಸೊನ್ನೆ, ಕವೆ, ಸೊನ್ನೆ

ಕೋಳಿ ಮಾಂಸ ಕಟ್ಟಿಕೊಡುವ ಬಿಳಿ ಥರ್ಮಾಕೋಲ್ ತಟ್ಟೆಗಳನ್ನು
ತೊಳೆದು ಒಣಗಿಸಿ ಕೂಡಿಟ್ಟಿದ್ದೆ, ಏಳು.
ಏತಕ್ಕೆಂದು ನನಗೇ ಗೊತ್ತಿರಲಿಲ್ಲ.
ಮೇಷ್ಟ್ರುಗಳ ಮುಷ್ಕರ ಮೂರನೇ ವಾರಕ್ಕೆ ಬಿದ್ದಾಗ
ಗೊತ್ತಾಯಿತು.

ಅಂಚು ಕತ್ತರಿಸಿದರೆ ಹಲಗೆ,
ಮಸಿ ತೀರಿದ ಬಾಲ್‌ಪೆನ್ನೇ ಉಳಿ.
ಹಿಂದಿನ ಬೀದಿಯ ಛಾಪಖಾನೆಯಿಂದ ಜೋಸಿವಾನ್
ಡಬ್ಬಿಯ ತಳದಲ್ಲಿ ಉಳಿದ ಕಪ್ಪು ಮಸಿ ಕೊಟ್ಟ,
"ಮಕ್ಕಳ ಬಟ್ಟೆ ಬಿಚ್ಚಿಸಿ ಕೂರಿಸು" ಎಂಬ ಬುದ್ಧಿಮಾತಿನ ಜೊತೆ.
ಅಲಸಂದೆ ತಿರುವುವ ಮರದ ಸೌಟಿನ ಬೆನ್ನಿನಲ್ಲಿ
ಕಾಗದ ಉಜ್ಜಬೇಕು, ಅಷ್ಟೆ.

ಅಷ್ಟೇ ಅಲ್ಲ.
ಮೊದಲನೆಯದು ಬರೀ ಕತ್ತಲು.
ಎರಡನೆಯದು ಹಾವಿನ ಪೊರೆ.
ಅಷ್ಟರಲ್ಲಿ ಕಾವಾನ್, ಐದು ವರ್ಷ,
ಮಧ್ಯಾಹ್ನದ ಸಾರಿಗೆ ಹೆಚ್ಚಿಟ್ಟಿದ್ದ ಬೆಂಡೆಕಾಯಿಯೆಲ್ಲ ಅದ್ದಿ
ನೆಲದ ಮೇಲೆ ನಕ್ಷತ್ರ ಒತ್ತುತ್ತ
ನಾಯಿಯವರೆಗೂ ಹೋಗಿದ್ದ.
ನಾಯಿಯ ಮೇಲೂ.

ಮಾಯಾರ ಮಾತ್ರ ನಾಲಿಗೆ ಕಚ್ಚಿಕೊಂಡು ಕೊರೆಯುತ್ತಿದ್ದಳು.
ಅಜ್ಜಿಯನ್ನು ನಾವು ಕರೆಯುವುದು ವೊವೊ.
ನಾಲ್ಕೇ ಅಕ್ಷರ: ಕವೆ, ಸೊನ್ನೆ, ಕವೆ, ಸೊನ್ನೆ,
ಕೊನೆಯ ಸೊನ್ನೆಯ ನೆತ್ತಿಗೊಂದು ಓರೆ ಗೀಟು.
ಒತ್ತಿ, ಉಜ್ಜಿ, ಕಾಗದದ ಮೂಲೆ ಹಿಡಿದು
ಗಾಯದ ಪಟ್ಟಿ ಬಿಡಿಸುವಂತೆ ಎತ್ತಿದಳು.
ಸೊನ್ನೆ, ಕವೆ, ಸೊನ್ನೆ, ಕವೆ.
"ಅಯ್ಯೋ, ಓವೊ!"
ಓವೊ ಅಂದರೆ ಮೊಟ್ಟೆ ನಮ್ಮಲ್ಲಿ.
ಅಜ್ಜಿ ಮೊಟ್ಟೆಯಾದಳೆಂದು ಇಬ್ಬರೂ ಉರುಳಾಡಿ ನಕ್ಕರು,
ಅವಳ ಬಾಲಕ್ಕೆ ಅಂಟಿಕೊಂಡ ಕವೆಯೊಂದನ್ನು
ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅವ್ವನೂ ನಕ್ಕಳು, ಬಾಗಿಲ ಬಳಿ, ತೂಗುಮಂಚದಲ್ಲಿ.
ಅಕ್ಷರ ಕಾಣದವಳಿಗೆ ತಿರುಗುಮುರುಗೆಂಬುದಿಲ್ಲ.
"ಎರಡೂ ಚೆನ್ನಾಗಿದೆ" ಎಂದಳು,
ಹಲಗೆಯನ್ನೂ ಕಾಗದವನ್ನೂ ಎರಡು ಕೈಯಲ್ಲಿ ಹಿಡಿದು.

"ನಿನ್ನ ಬೆರಳು ಕೊಡು ವೊವೊ, ಸಹಿ ಹಾಕು,
ಚಿತ್ರ ಬರೆದವರೆಲ್ಲ ಹಾಕ್ತಾರೆ."
ಮಾಯಾರ ತನ್ನದನ್ನು ಮೊದಲು ಒತ್ತಿದಳು:
ಉತ್ತ ಗುಡ್ಡದಂತೆ ಸುತ್ತುಸುತ್ತು ಸಾಲು.
ಕಾವಾನನದು ಬಟಾಣಿಯಷ್ಟು, ಅದರಲ್ಲೂ ಸಾಲು.
ಅವ್ವನದು
ಕಪ್ಪಾಗಿ, ನುಣ್ಣಗೆ, ಸಾಲಿಲ್ಲದೆ ಬಂತು.
ಇನ್ನೊಮ್ಮೆ ಒತ್ತಿಸಿದಳು. ಮಸಿ ಹೆಚ್ಚಾಯಿತೆಂದು ಒರೆಸಿ
ಮತ್ತೊಮ್ಮೆ.
"ಮೊಟ್ಟೆ" ಎಂದ ಕಾವಾನ್.
ಈ ಸಲ ಯಾರೂ ನಗಲಿಲ್ಲ, ಅವ್ವನ ಹೊರತು.

ಹನ್ನೊಂದನೇ ವಯಸ್ಸಿನಿಂದ ಅವಳು ಗೇರುಬೀಜ ಸುಲಿದವಳು,
ಸುಟ್ಟ ಬೀಜವನ್ನು ಬರಿಗೈಯಲ್ಲಿ, ಒಡೆದು, ಬಿಡಿಸಿ,
ಕಿಲೋಗಿಷ್ಟೆಂಬ ಚಿಲ್ಲರೆಗೆ.
ಸಿಪ್ಪೆಯ ಎಣ್ಣೆ ಬೆರಳ ತುದಿಯನ್ನು
ವರ್ಷಕ್ಕಿಷ್ಟು ಗೆರೆಯಂತೆ ತಿಂದಿತು.
ಓದುಬಾರದವರನ್ನು ಹೆಬ್ಬೆಟ್ಟು ಅನ್ನುವುದುಂಟು.
ಅವ್ವನಿಗೆ ಅದೂ ಇಲ್ಲ.
ಪಿಂಚಣಿಯ ಯಂತ್ರ ತಿಂಗಳು ತಿಂಗಳೂ ಕೇಳುತ್ತದೆ,
ಇನ್ನೊಮ್ಮೆ ಇಡಿ, ಇನ್ನೊಮ್ಮೆ ಇಡಿ.
ಅವಳು ಇಡುತ್ತಾಳೆ. ಹಿಂದಿನ ಸಾಲು ಕೆಮ್ಮುತ್ತದೆ.

ಇದನ್ನೆಲ್ಲ ಮಕ್ಕಳಿಗೆ ಎಷ್ಟು ಹೇಳುವುದು?
ಗೇರಿನ ಕತೆ ಅರ್ಧ ಹೇಳಿದೆ.
ಮಾಯಾರ ಪೆನ್ನಿನ ತುದಿಯಿಂದ
ಆ ಹಸಿ ಕಪ್ಪಿನೊಳಗೆ ಸಾಲು ಗೀರಲು ಹೊರಟಳು,
ಒಂದು, ಎರಡು, ಸುತ್ತು ಬರುವಂತೆ.
ಅವ್ವ ಅವಳ ಮಣಿಕಟ್ಟು ಹಿಡಿದಳು.
"ಬಿಡು ಮಗಾ. ಇದೇ ನಂದು."

ಸಂಜೆ ಬಟ್ಟೆಯ ತಂತಿಗೆ ಕಾಗದಗಳನ್ನು ಕ್ಲಿಪ್ಪು ಹಾಕಿ ನೇತಾಡಿಸಿ
ಮೂವರ ಕೈ ತೊಳೆಸಿದೆ.
ಮಕ್ಕಳ ಗೆರೆಗಳಲ್ಲಿ ಮಸಿ ಮನೆ ಮಾಡಿತ್ತು,
ತೆಂಗಿನ ನಾರಿಗೂ ಜಗ್ಗಲಿಲ್ಲ.
ಅವ್ವನ ಬೆರಳು ಒಂದೇ ತೊಳೆತಕ್ಕೆ ಬೆಳ್ಳಗೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ನೋಡುತ್ತೇನೆ,
ಸ್ವಿಚ್ಚಿನ ಮೇಲೆ, ಫ್ರಿಜ್ಜಿನ ಹಿಡಿಯ ಮೇಲೆ,
ಹಾಲಿನ ಪುಡಿಯ ಡಬ್ಬಿಯ ಮೇಲೆ, ಸಾಲುಸಾಲು ಪುಟ್ಟ ಬೆರಳು.
ಅವ್ವ ಮುಟ್ಟದ ಜಾಗ ಈ ಮನೆಯಲ್ಲಿಲ್ಲ,
ಎಲ್ಲಿಯೂ ಕಾಣಿಸುವುದಿಲ್ಲ.
ಒದ್ದೆ ಬಟ್ಟೆ ಹಿಡಿದು ನಿಂತಿದ್ದೇನೆ.
ಸ್ವಿಚ್ಚೊಂದನ್ನು ಒರೆಸಿದೆ.
ಉಳಿದದ್ದು ನಾಳೆಗಾಯಿತು.