ಬಣ್ಣದ ಖಾನೆ

ಹಳೇ ಫರ್ಸಿ ಖಣಿಯ ನೀರಿನ ಅಂಚಿಗಿ ಬೇಶರಂ ಗಿಡ.
ಎಲಿ ತುಂಬಾ ತೂತು, ಜರಡಿ ಹಿಡದಂಗ.
ತಸ್ಲೀಮ್ ಕೂಗಿದ್ಳು: 'ಮೌಶಿ, ಇಲ್ಲೊಂದು ನತ್ತು ಬಿದ್ದದ.'
ನತ್ತು ನಡೀಲಾಕತ್ತಿತ್ತು.

ಮಸೂರ ಬ್ಯಾಳಿಗಿಂತ ತುಸು ದೊಡ್ಡದು.
ಅಂಚು ಗಾಜು, ನಡುವ ಬಂಗಾರ,
ಕಾಲು ಒಳಗೆಳಕೊಂಡು ಕುಂತ ಆಮಿ.
ಉಗುರು ತಾಕಿಸಿದ್ರ ಎಲಿಗಿ ಅಂಟಿ
ಏಳಲ್ಲ ಅಂತದ.

ಕೆಳಗಿನ ಎಲಿಮ್ಯಾಲ ಅದರ ಮರಿ.
ಮೈಯೆಲ್ಲ ಮುಳ್ಳು.
ತಾ ಬಿಟ್ಟ ಪೊರಿ, ತಾ ಹಾಕಿದ ಹೇಲು,
ಬಾಲದ ಕವಲಿಗಿ ಗಂಟು ಕಟ್ಟಿ ಬೆನ್ನಮ್ಯಾಲ ಹೊತ್ತದ.
ಇರುವಿ ಬಂತಂದ್ರ ಅದನ್ನೇ ಬೀಸತದ.
ತಸ್ಲೀಮ್ ಮೂಗು ಮುಚ್ಚಿದ್ಳು.
ನಾ ಮುಚ್ಚಲಿಲ್ಲ.
ಹನ್ನೊಂದು ವರ್ಷ ಇದೇ ಕಾಲೇಜಿನ ಪಾಯಖಾನಿ ತೊಳದು
ಆಮ್ಯಾಲ ಲ್ಯಾಬಿಗಿ ಬಂದಾಕಿ ನಾನು.
ಹೊಲಸು ಇದ್ದಲ್ಲಿ ಯಾರೂ ಹತ್ರ ಬರಲ್ಲ,
ಅದೂ ಒಂದು ನೆರಳು.

ಮಾಪಣ್ಣ ಸರ್ ಸೀಸಿಯೊಳಗ ಹತ್ತಿ ಇಟ್ಟು ಔಷಧ ಹನಿಸಿದ್ರು.
ಎರಡು ಸುತ್ತು ತಿರುಗಿ ಮಲಗಿತು.
ಊಟದ ಬೆಲ್ಲಿನತನ ಬಂಗಾರ ಇತ್ತು.
ಸಂಜಿಗಿ ತಾಮ್ರ.
ಮರುದಿನ ಸೂಜಿ ತುದಿಗಿ
ಉಳ್ಳಾಗಡ್ಡಿ ಸಿಪ್ಪಿ.

'ಅದು ಬಣ್ಣ ಅಲ್ಲ ನಾಗಿಂದ್ರಮ್ಮಾ, ಚಿಪ್ಪಿನ ಪದರಿನಾಗಿನ ಪಸಿ.
ಪಸಿ ಆರಿತು, ಹೊಳಪು ಹೋಯ್ತು.
ಗುರುತಿಗಿ ಅದು ಬ್ಯಾಡ. ಮೀಸಿ ಗಂಟು ಎಣಸು.'

ಎಣಿಸಿದೆ. ಹನ್ನೊಂದು.
ಕೊನೀ ಎರಡು ಕರಿ.
ಪುಸ್ತಕದಾಗಿನ ಮೂರು ಚಿತ್ರಕ್ಕೂ ತಾಳಿ ಆಗಲಿಲ್ಲ,
ಮೂರೂ ಸತ್ತ ಮ್ಯಾಲ ತೆಗೆದವು.
ಕುಲ ಸಿಕ್ತು, ಪ್ರಭೇದ ಸಿಗಲಿಲ್ಲ.
ಸರ್ ಒಂದು ಪ್ರಶ್ನೆಚಿಹ್ನೆ ಇಟ್ಟು
ಪೇಪರ್ ತಿದ್ದಲಾಕ ಹೋದ್ರು.

ಚೀಟಿ ಬರಿಯೋದು ನನ್ನ ಕೆಲಸ, ಅಕ್ಷರ ಸಣ್ಣವು ಅಂತ.
ಊರು: ಶಹಾಬಾದ. ಗಿಡ: ಬೇಶರಂ.
ಹಿಡದವರು: ತಸ್ಲೀಮ್, ಎರಡನೇ ವರ್ಷ.
ಬಣ್ಣದ ಖಾನೆಗಿ ಬಂದು ಪೆನ್ನು ನಿಂತಿತು.
ಕಂದು ಅಂತ ಬರದ್ರ ನಾ ನೋಡಿದ್ದು ಸುಳ್ಳು.
ಬಂಗಾರ ಅಂತ ಬರದ್ರ
ನಾಳೆ ಡಬ್ಬಿ ತೆಗದವರು ನಗತಾರ.

'ಇತ್ತು' ಅಂತ ಬರದೆ.
ಅಷ್ಟೇ ಜಾಗ ಇತ್ತು.

ಐತವಾರ ಮತ್ತ ಖಣಿಗಿ ಹೋದೆ. ಸೀಸಿ ಒಯ್ಯಲಿಲ್ಲ.
ಎಲಿ ತಿರುವಿದ್ರ ಕೆಳಗ ತತ್ತಿಯ ಗೂಡು,
ಪತಂಗದ ಕಾಗದದಂಗ ತೆಳು, ಪದರಿನ ಮ್ಯಾಲ ಪದರು.
ಒಳಗ ಎಷ್ಟವೋ.
ಎಲಿ ಹೆಂಗಿತ್ತೋ ಹಂಗ ಬಿಟ್ಟೆ.
ಖಣಿ ಆಚಿಕಡಿ ಯಾರೋ ಫರ್ಸಿ ಕಡೀಲಾಕತ್ತಿದ್ರು,
ಠಣ್, ಠಣ್,
ಒಂದು ಏಟಿಗಿ ಒಂದು ಪದರು ಬಿಚ್ಚತದ.